ಕಿಂಡಿ ಚಿಕ್ಕದು, ಮುಖ ದೊಡ್ಡದು

ವಿಡಿಯೋ ಕಾಲ್‌ಗೆ ಮುಂಚೆ ನಮ್ಮ ಜನ ನಡೆಸುವ ತಯಾರಿಯೆಲ್ಲ ಮುಖದ್ದೇ. ತಲೆ ಬಾಚಿಕೊಳ್ಳುತ್ತಾರೆ, ಬೆನ್ನ ಹಿಂದೆ ಒಣಹಾಕಿದ ಟವೆಲ್ ತೆಗೆಯುತ್ತಾರೆ, ಮಂಚದ ಮೇಲಿನ ಬಟ್ಟೆಯ ರಾಶಿಯನ್ನು ಕ್ಯಾಮೆರಾ ಕಾಣದ ಮೂಲೆಗೆ ತಳ್ಳುತ್ತಾರೆ. ಅಷ್ಟೆಲ್ಲ ಸಿಂಗರಿಸಿದ ಮುಖ ಹಾದುಹೋಗುವ ದಾರಿ ಎಷ್ಟು ಅಗಲವಿದೆ ಎಂದು ಮಾತ್ರ ನೋಡುವುದಿಲ್ಲ. ಚಿತ್ರದುರ್ಗದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಬಾರದಿತ್ತು; ಕೋಟೆಯ ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವನ ಕಥೆ ಕೇಳಿಕೊಂಡೇ ಬೆಳೆದವರು ಅವರು. ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಿರಲಿ, ಕಿಂಡಿಯ ಲೆಕ್ಕ ಒಂದು ಸಲಕ್ಕೆ ಒಂದು ತಲೆ. ಇಂಟರ್ನೆಟ್ಟಿನಲ್ಲೂ ನಮ್ಮ ಮುಖ ಪ್ಯಾಕೆಟ್ಟುಗಳೆಂಬ ಪುಟ್ಟ ಗಂಟುಗಳಾಗಿ ಒಂದರ ಹಿಂದೊಂದು ಹೊರಡುತ್ತದೆ. ನೂಕುನುಗ್ಗಲಾದರೆ ರೌಟರ್ ಒನಕೆ ಎತ್ತುತ್ತದೆ, ಕೆಲವು ಗಂಟುಗಳು ಅಲ್ಲೇ ಉರುಳುತ್ತವೆ. ಓಬವ್ವನಿಗಾದರೂ ಶತ್ರು ಯಾರೆಂದು ಗೊತ್ತಿತ್ತು. ಮನೆಯ ಸಾಧಾರಣ ರೌಟರಿಗೆ ಅಜ್ಜಿಯ ಮಾತೂ ಒಂದೇ, ಅಜ್ಜಿಯ ಹಿಂದಿನ ಕ್ಯಾಲೆಂಡರೂ ಒಂದೇ. ಆದ್ದರಿಂದ ಯಾವುದು ಹೋದರೂ ಪರವಾಗಿಲ್ಲ ಎಂಬುದನ್ನು ಕರೆಗೆ ಮುಂಚೆ ನಾವೇ ಗೊತ್ತುಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

‘ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ಟಿದ್ದೇವೆ, ಜಿಪುಣತನ ಯಾಕೆ?’ ಎಂದು ಕೇಳಬಹುದು. ಹಿರಿಯೂರಿನ ಪಕ್ಕದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆದರೆ ಹಾಗೆ ಡ್ಯಾಮು ತುಂಬಿತೆಂದ ಮಾತ್ರಕ್ಕೆ ಕಾಲುವೆಯ ಕೊನೆಯ ಗದ್ದೆಗೆ ನೀರು ಬಂತೆಂದು ಅಲ್ಲಿಯ ಯಾವ ರೈತನೂ ನಂಬುವುದಿಲ್ಲ. ನಡುವೆ ತೂಬಿದೆ, ಮೇಲಿನ ಗದ್ದೆಯವರಿದ್ದಾರೆ. ದುಡ್ಡು ಕಟ್ಟಿದ ಎಂಬಿಪಿಎಸ್‌ನ ಕಥೆಯೂ ಅದೇ. ಮೊಬೈಲ್ ಸಂಪರ್ಕದಲ್ಲಂತೂ ಕೆಳಗಿಳಿಯುವ ಕಾಲುವೆ ಅಗಲ, ಮೇಲೆ ಹೋಗುವುದು ಕಿರಿದು; ನಮ್ಮ ಮುಖ ಹತ್ತಬೇಕಾದದ್ದು ಆ ಕಿರಿದರಲ್ಲೇ. ಅದೇ ಹೊತ್ತಿಗೆ ಮದುವೆಯ ಎಂಟುನೂರು ಫೋಟೋ ಬ್ಯಾಕಪ್ ಆಗುತ್ತಿದ್ದರೆ ಕೇಳುವುದೇ ಬೇಡ. ಮಾತಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಡ; ಎಚ್‌ಡಿ ಚಿತ್ರಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು. ಹೇಳಬೇಕಾದದ್ದು ‘ಊಟ ಆಯ್ತಾ?’ ಅಷ್ಟೇ ಇದ್ದರೂ ಚಿತ್ರ ತನ್ನ ಪಾಲು ಬಿಡುವುದಿಲ್ಲ.

‘ಆ್ಯಪ್ ತಾನೇ ಹೊಂದಿಸಿಕೊಳ್ಳುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ಹೊಂದಿಸಿಕೊಳ್ಳುತ್ತದೆ ನಿಜ, ಆದರೆ ಪೆಟ್ಟು ಬಿದ್ದ ಮೇಲೆ. ಅಷ್ಟರಲ್ಲಿ ಮಾವನವರು ಬಾಯಿ ತೆರೆದ ಭಂಗಿಯಲ್ಲೇ ಶಿಲ್ಪವಾಗಿರುತ್ತಾರೆ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟದವರು ಎರಡಿಂಚು ನೀರಿನ ಬೋರಿಗೆ ಡ್ರಿಪ್ಪಿನ ವಾಲ್ವುಗಳನ್ನೆಲ್ಲ ಒಟ್ಟಿಗೆ ಬಿಡುವುದಿಲ್ಲ; ಮೋಟರ್ ಹಾಕುವ ಮೊದಲೇ ಕೆಲವನ್ನು ಕಟ್ಟಿರುತ್ತಾರೆ. ಪಕ್ಕದ ಕೋಣೆಯಲ್ಲಿ ಕ್ರಿಕೆಟ್ ಓಡುತ್ತಿದೆಯೆಂದು ಆ್ಯಪ್‌ಗೇನು ಗೊತ್ತು? ಮನೆಯವರಿಗೆ ಗೊತ್ತು. ಬ್ಯಾಕಪ್ ನಿಲ್ಲಿಸಿ, ರೌಟರ್ ಇರುವ ಕೋಣೆಗೇ ಬಂದು ಕೂತು, ವಾಟ್ಸಾಪಿನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಗುಂಡಿ ಒತ್ತಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಉಳಿದದ್ದು ಕರುಳಿನ ಆಕ್ಷೇಪ: ದೂರದ ಮೊಮ್ಮಗುವಿನ ಮುಖ ಮಸುಕಾದರೆ ಕರೆ ಮಾಡಿ ಏನು ಸುಖ? ಇದನ್ನು ತಳ್ಳಿಹಾಕಲಾರೆ. ಆದರೂ 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದಾಗ, ದೇಶದ ದೊಡ್ಡ ವಿಡಿಯೋ ಕಂಪನಿಗಳೇ ಒಂದಾಗಿ ಮೊಬೈಲಿನಲ್ಲಿ ತೋರಿಸುವ ಚಿತ್ರವನ್ನು 480ಪಿಗೆ ಇಳಿಸಿದವು. ಸಿನಿಮಾ ನಟರ ಮುಖಕ್ಕೇ ಸಾಕಾದದ್ದು ನಮಗೆ ಸಾಲದೇ? ಅಂಗೈಯಗಲದ ತೆರೆಯಲ್ಲಿ ಮಗು ನಕ್ಕದ್ದು ಅಷ್ಟರಲ್ಲೇ ಕಾಣುತ್ತದೆ, ನಗುವಿನ ಸದ್ದೂ ತುಂಡಾಗದೆ ಕೇಳುತ್ತದೆ. ಹೊಸದಾಗಿ ಹಲ್ಲು ಕಟ್ಟಿಸಿಕೊಂಡ ಅಜ್ಜನಿಗೆ ಬೇಕಾದರೆ ಎಚ್‌ಡಿ ಬಿಟ್ಟುಕೊಡೋಣ. ಅಷ್ಟು ಹೊತ್ತು ಮಿಕ್ಕವರೆಲ್ಲ ಫೋನ್ ಕೆಳಗಿಡಲಿ.