ಕೂಪಾಭಾವ ಪ್ರಕರಣ: ಪುಣೆಯ ಗೃಹಸ್ಥನಿಗೆ ಬಾವಿಯ ಅನುದಾನ ಸಿದ್ಧಿಸುವ ಬಗೆ

ವಿಷಯ

ಪುಣೆ ಸೀಮೆಯ ಗೃಹಸ್ಥನೊಬ್ಬ ತನ್ನ ಹಿತ್ತಲಲ್ಲಿ ಸರ್ಕಾರದ ದುಡ್ಡಿನಲ್ಲಿ ಬಾವಿ ತೋಡಿಸಿಕೊಳ್ಳಬಹುದೇ? ಪೂರ್ವಸೂರಿಗಳು ಈ ಬಗ್ಗೆ ಮೌನವಾಗಿದ್ದಾರೆ. ಅವರ ಮನೆಗಳಲ್ಲಿ ಬಾವಿಯಿತ್ತು. 18ನೇ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ನೆಲದೊಳಗೆ ಕಾಲುವೆ ಹಾಯಿಸಿ ಶನಿವಾರವಾಡೆಗೂ ಪೇಟೆಯ ಹೌದಗಳಿಗೂ (ನೀರಿನ ತೊಟ್ಟಿಗಳಿಗೂ) ನೀರು ತಂದ. ಆದರೆ ಅವನು ನೀರು ಕೊಟ್ಟನೇ ಹೊರತು ಅರ್ಜಿಯ ನಮೂನೆ ಕೊಡಲಿಲ್ಲ. ಆದ್ದರಿಂದ ಅವನನ್ನು ಈ ಶಾಸ್ತ್ರದ ಪ್ರವರ್ತಕನೆನ್ನಲಾಗದು.

ಮೂಲಗ್ರಂಥವೆಂದರೆ ಮಹಾರಾಷ್ಟ್ರದ 2022ರ ನವೆಂಬರಿನ ಸರ್ಕಾರಿ ನಿರ್ಣಯ. ‘ಮಾಗೇಲ್ ತ್ಯಾಲಾ ವಿಹೀರ್’, ಅಂದರೆ ಕೇಳಿದವರಿಗೆಲ್ಲ ಬಾವಿ, ಎಂದು ಹೆಸರಾದ ಈ ಯೋಜನೆ ಉದ್ಯೋಗ ಖಾತರಿಯಡಿ ಒಂದು ನೀರಾವರಿ ಬಾವಿಗೆ 4 ಲಕ್ಷ ರೂಪಾಯಿ ಗೊತ್ತುಮಾಡಿತು. ‘ಕೇಳಿದವರಿಗೆಲ್ಲ’ ಎಂದು ಸೂತ್ರ ಬರೆದ ಶಾಸ್ತ್ರಕಾರರು ಕೇಳುವವನ ಲಕ್ಷಣವನ್ನೂ ಹೇಳಿದ್ದಾರೆ. ಅವನಿಗೆ ಒಂದೇ ತುಂಡಿನ 0.40 ಹೆಕ್ಟೇರ್ ಹೊಲವಿರಬೇಕು. ಜಾಬ್ ಕಾರ್ಡ್ ಇರಬೇಕು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ ಬಾವಿ 500 ಮೀಟರ್ ದೂರವಿರಬೇಕು. ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಮೊದಲೇ ಬಾವಿ ನಮೂದಾಗಿರಬಾರದು.

ಸಂಶಯ

ಬಾಯಾರಿದ್ದು ಮನೆಗೆ, ಅನುದಾನ ಬೆಳೆಗೆ. ಉಳ್ಳಾಗಡ್ಡಿ ಬಾಯಾರಿದರೆ ಲಕ್ಷಗಟ್ಟಲೆ. ಉಳ್ಳಾಗಡ್ಡಿ ಹೆಚ್ಚುವವಳು ಬಾಯಾರಿದರೆ ಟ್ಯಾಂಕರ್. ಹೀಗಿರುವಾಗ ಹೊಲದ ಬಾವಿಯಿಂದ ಅಡುಗೆಮನೆಗೆ ಬಂದ ಒಂದು ಕೊಡ ನೀರು ನೀರಾವರಿಯೋ ಗೃಹಬಳಕೆಯೋ? ಹೊಸ್ತಿಲು ದಾಟುವಾಗ ನೀರಿನ ಲೆಕ್ಕಶೀರ್ಷಿಕೆ ಬದಲಾಗುತ್ತದೆಯೇ? ವಿದ್ವಾಂಸರು ಇಲ್ಲಿ ಎರಡು ಪಂಗಡವಾಗಿದ್ದಾರೆ. ಆಡಿಟರು ಮೂರನೆಯ ಪಂಗಡ.

ಪೂರ್ವಪಕ್ಷ

‘ಹಿತ್ತಲಲ್ಲಿ ನಾಲ್ಕು ಬದನೆಗಿಡ ನೆಟ್ಟು ರೈತನೆನಿಸಿಕೊಂಡರಾಯಿತು’ ಎಂದು ಪೂರ್ವಪಕ್ಷದವರು ವಾದಿಸುತ್ತಾರೆ. ಇದು ಬಾಲಿಶ. 0.40 ಹೆಕ್ಟೇರೆಂದರೆ ಹೆಚ್ಚುಕಡಿಮೆ ಒಂದೆಕರೆ. ಪುಣೆ ನಗರದ ಕೊಥ್ರೂಡಿನಲ್ಲಿ ಒಂದೆಕರೆ ಇರುವವನು ಬಾವಿ ತೋಡುವುದಿಲ್ಲ. ಟವರ್ ಎಬ್ಬಿಸಿ ನೆರೆಯವರ ಬೋರ್‌ವೆಲ್ ಬತ್ತಿಸುತ್ತಾನೆ.

‘ಹಾಗಾದರೆ ಊರಂಚಿನ ಹಳ್ಳಿಗೆ ಹೋಗೋಣ’ ಎಂದರೆ, ಹಳ್ಳಿ ಅಲ್ಲಿಯೇ ಇರುತ್ತದೆಂಬ ಭರವಸೆಯಿಲ್ಲ. 2021ರ ಜೂನ್ 30ರಂದು ಸೂಸ್, ನಾಂದೇಡ್, ವಾಘೋಲಿ ಮೊದಲಾದ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಯಲ್ಲಿ ಲೀನವಾದವು. ಗ್ರಾಮಸ್ಥನಾಗಿ ಮಲಗಿದವನು ನಗರವಾಸಿಯಾಗಿ ಎದ್ದ. ಉದ್ಯೋಗ ಖಾತರಿ ಗ್ರಾಮೀಣರಿಗೆ ಮಾತ್ರ; ಗ್ರಾಮಪಂಚಾಯತಿ ಹೋಯಿತು, ಬಹಳ ಕಡೆ ನಲ್ಲಿ ಬರಲಿಲ್ಲ.

ಸಿದ್ಧಾಂತ

ನಮ್ಮ ಮತ ಇದು: ಅನುದಾನಕ್ಕೆ ಬೇಕಾದ್ದು ಬಾವಿಯಲ್ಲ, ಬಾವಿಯ ಅಭಾವ; ಅದೂ ಸರಿಯಾದ ಜಾತಿಯ ಅಭಾವ. ನೈಯಾಯಿಕರು ಹೇಳಿದ ನಾಲ್ಕೂ ಅಭಾವಗಳು ಇಲ್ಲಿ ಸಲ್ಲುತ್ತವೆ.

ಪ್ರಾಗಭಾವ ಎಂದರೆ ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಅನುದಾನಕ್ಕೆ ಅರ್ಹವಾದದ್ದು ಇದೊಂದೇ. ಅಭಾವವನ್ನು ಕಣ್ಣಿಂದ ಕಾಣಲಾಗದು, ಅದಕ್ಕೆ ಅನುಪಲಬ್ಧಿಯೆಂಬ ಬೇರೆ ಪ್ರಮಾಣವೇ ಬೇಕು ಎಂದು ಭಾಟ್ಟ ಮೀಮಾಂಸಕರು ಹಟ ಹಿಡಿದಿದ್ದರು. ಉದ್ಯೋಗ ಖಾತರಿಯ ಜಿಯೋಟ್ಯಾಗಿಂಗ್ ಅವರ ಬಾಯಿ ಮುಚ್ಚಿಸಿದೆ. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಎಂದು ಮೂರು ಹಂತದ ಫೋಟೋ ಆಗಬೇಕು. ಮೊದಲ ಫೋಟೋದಲ್ಲಿ ಬಾವಿ ಇಲ್ಲದಿರುವುದು ಅಕ್ಷಾಂಶ ರೇಖಾಂಶ ಸಮೇತ ಸ್ಪಷ್ಟವಾಗಿ ಕಾಣುತ್ತದೆ.

ಪ್ರಧ್ವಂಸಾಭಾವ, ಅಂದರೆ ಇದ್ದದ್ದು ನಾಶವಾದ ಮೇಲಿನ ಅಭಾವ, ಅನರ್ಹ. ಇದಕ್ಕೆ ತಲಾಠಿ (ಗ್ರಾಮಲೆಕ್ಕಿಗ) ಕಚೇರಿಯ ಸಂವಾದವೊಂದು ದೃಷ್ಟಾಂತ:

“ಉತಾರೆದಾಗ ಇಲ್ನೋಡ್ರಿ, ವಿಹೀರ್ ಒಂದು ಅಂತ ಐತಿ.”

“ಅದು ನಮ್ಮ ಅಜ್ಜನ ಕಾಲದ್ದ್ರೀ ಸಾಹೇಬ್ರ. ಹೂತು ಹೋಗಿ ಅದರಾಗ ಹುಣಸಿಗಿಡ ಬೆಳದೈತಿ.”

“ಹಂಗಾರ ಗಿಡದ ನೋಂದಣಿಗೆ ಬ್ಯಾರೆ ಅರ್ಜಿ ಕೊಡ್ರಿ.”

ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣ ಬಲಿಷ್ಠವೆಂಬುದು ಇದರಿಂದ ಸಿದ್ಧವಾಯಿತು. ಕಪ್ಪುಕಲ್ಲಿನ ಈ ನೆಲದಲ್ಲಿ ನೀರು ಎಲ್ಲಿದೆಯೆಂದು ಅನುಮಾನಪ್ರಮಾಣದಿಂದ ಹೇಳಬಲ್ಲ ರಾಜ್ಯದ ಭೂಜಲ ಸಂಸ್ಥೆಯ ಮುಖ್ಯ ಕಚೇರಿ ಪುಣೆಯಲ್ಲೇ ಇದೆ. ಆದರೆ ಅಂತರ್ಜಲಕ್ಕೂ ಉತಾರೆ ಓದಲು ಬರುವುದಿಲ್ಲ.

ಅತ್ಯಂತಾಭಾವ ಎಂದರೆ ಮೂರು ಕಾಲದಲ್ಲೂ ಇಲ್ಲದಿರುವುದು: ಮೆಷರ್‌ಮೆಂಟ್ ಬುಕ್ಕಿನಲ್ಲಿ ಪೂರ್ಣ, ಹೊಲದಲ್ಲಿ ಶೂನ್ಯ. ಮರಾಠಿಯ ‘ಜಾವೂ ತಿಥೇ ಖಾವೂ’, ಶ್ಯಾಮ್ ಬೆನಗಲ್ಲರ ‘ವೆಲ್ ಡನ್ ಅಬ್ಬಾ’ (2010) ಎರಡೂ ಚಿತ್ರಗಳು ಇದೇ ಅಭಾವದ ಭಾಷ್ಯಗಳು. ಅವುಗಳಲ್ಲಿ ಬಾವಿ ಕಳುವಾಗಿದೆಯೆಂದು ದೂರು ದಾಖಲಾಗುತ್ತದೆ. ಇನ್ನು ಅನ್ಯೋನ್ಯಾಭಾವ: ಘಟ ಪಟವಲ್ಲ, ನೀರಾವರಿ ಬಾವಿ ಮನೆಬಾವಿಯಲ್ಲ. ಹಗ್ಗ ಒಂದೇ, ಕೊಡ ಒಂದೇ, ಕಡತ ಬೇರೆ.

ದಕ್ಷಿಣೆಯ ವಿಚಾರ ಶಾಸ್ತ್ರದಲ್ಲಿಲ್ಲ, ಸಂಪ್ರದಾಯದಲ್ಲಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. 2023ರ ಮಾರ್ಚಿನಲ್ಲಿ ಮರಾಠವಾಡಾದ ಫುಲಂಬ್ರಿಯಲ್ಲಿ ಸರಪಂಚರೊಬ್ಬರು, ಬಾವಿ ಮಂಜೂರಾತಿಗೆ ಅಧಿಕಾರಿಗಳು ಲಂಚ ಕೇಳುತ್ತಿದ್ದಾರೆಂದು ಆರೋಪಿಸಿ, ನೋಟಿನ ಹಾರ ಹಾಕಿಕೊಂಡು ಬಂದು ಪಂಚಾಯತ್ ಸಮಿತಿ ಕಚೇರಿಯ ಮುಂದೆ 2 ಲಕ್ಷ ರೂಪಾಯಿ ತೂರಿದರು. ಶಾಸ್ತ್ರಾರ್ಥಕ್ಕೆ ಕೂತವರಲ್ಲಿ ಪ್ರತ್ಯಕ್ಷಪ್ರಮಾಣ ತಂದವರು ಅವರೊಬ್ಬರೇ.

ನಗರದ ಗೃಹಸ್ಥ ಇಷ್ಟಕ್ಕೇ ನಿರಾಶನಾಗಬೇಕಿಲ್ಲ. ಮಳೆನೀರನ್ನು ನೆಲಕ್ಕಿಳಿಸುವ ಮನೆಗೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇ. 5ರ ರಿಯಾಯಿತಿ ಕೊಡುತ್ತದೆ. ಜೊತೆಗೆ ಸೋಲಾರ್ ಅಥವಾ ಎರೆಗೊಬ್ಬರವಿದ್ದರೆ ಶೇ. 10. ಎತ್ತುವವನಿಗೆ ಏನೂ ಇಲ್ಲ, ಇಳಿಸುವವನಿಗೆ ಅಷ್ಟಿಷ್ಟು. ಇಡೀ ಪ್ರಕರಣದಲ್ಲಿ ಅಪಹಾಸ್ಯಕ್ಕೆ ಸಿಗದ ವಿಧಿ ಇದೊಂದೇ; ಅಂತರ್ಜಲಕ್ಕೆ ನಿಜವಾಗಿ ಅನುದಾನ ಕೊಡುವುದು ಮಳೆ, ಅದು ಸಾತ್‌ಬಾರಾ ಕೇಳುವುದಿಲ್ಲ.

ಫಲಶ್ರುತಿ

ಈ ಪ್ರಕರಣವನ್ನು ಸ್ವಯಂ ದೃಢೀಕರಿಸಿದ ಮೂರು ಪ್ರತಿಗಳಲ್ಲಿ ಪಠಿಸುವ ಗ್ರಾಮಸ್ಥನಿಗೆ ಗ್ರಾಮಸಭೆಯ ಠರಾವು ದೊರೆಯುತ್ತದೆ. ಮಳೆಗಾಲದ ಮುಂಚೆ ಪಠಿಸಿದವನಿಗೆ ಕಲ್ಲು ಕಟ್ಟುವ ತನಕ ಬಾವಿಯ ದಡ ಕುಸಿಯುವುದಿಲ್ಲ. ಪುಣೆ ನಗರದ ಗೃಹಸ್ಥನಿಗೆ ಈ ಜನ್ಮದಲ್ಲಿ ತೆರಿಗೆ ರಿಯಾಯಿತಿ. ಮುಂದಿನ ಜನ್ಮದಲ್ಲಿ ಉಳ್ಳಾಗಡ್ಡಿಯಾಗಿ ಹುಟ್ಟಿ, ಪೂರ್ಣ ಅನುದಾನ.