ವಾರಕ್ಕೊಂದು ಅಮೆರಿಕ

ಅಮೆರಿಕದಿಂದ ಮಗ ಟಿಕೆಟ್ ಕಳಿಸಿದ ಕೂಡಲೇ ಡೊಂಬಿವಲಿಯ ಕನ್ನಡಿಗ ಆರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ ಕಟ್ಟಿಸಿಕೊಳ್ಳುತ್ತಾನೆ. ಆಮೇಲೆ ಚಟ್ನಿಪುಡಿ. ಈಚೆಗೆ ಪಟ್ಟಿಗೆ ಇನ್ನೊಂದು ಸೇರಿದೆ: ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. "15 ಗಂಟೆ ಇಂಜಿನ್ ಗುಂಯ್ ಅಂತಿರುತ್ತಪ್ಪಾ, ತಲೆ ಕೆಡುತ್ತೆ" ಎಂದ ನನ್ನ ಮಗ. ಈ ಸುಕುಮಾರ ಬೆಳೆದದ್ದು ಹಳಿಯ ಪಕ್ಕದ ಚಾಳಿನಲ್ಲಿ. ಅವನು ಮೊದಲ ಸಲ 'ಅಪ್ಪ' ಅಂದದ್ದು ನನಗೆ ಕೇಳಿಸಲೇ ಇಲ್ಲ; ಕರ್ಜತ್ ಲೋಕಲ್ ಹೋಗುತ್ತಿತ್ತು.

ಲೆಕ್ಕ ಹಾಕಿದೆ. ಡೊಂಬಿವಲಿಯಿಂದ ಮುಂಬಯಿಯ ವೀಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲ್‌ನಲ್ಲಿ ಹತ್ತಿರ ಹತ್ತಿರ ಒಂದೂಕಾಲು ಗಂಟೆ. ಹೋಗಿ ಬರಲು ಎರಡೂವರೆ. ವಾರಕ್ಕೆ ಆರು ದಿನ, 15 ಗಂಟೆ. ಅಂದರೆ 31 ವರ್ಷದಿಂದ ವಾರಕ್ಕೊಂದು ಸಲ ಅಮೆರಿಕಕ್ಕೆ ಹೋಗುತ್ತಿದ್ದೇನೆ, ನಿಂತುಕೊಂಡು. ಪರರ ಮೊಣಕೈಯೇ ನನ್ನ ದಿಂಬು.

ಆದರೂ ವಾಶಿಯ ಮಾಲ್‌ಗೆ ಹೋದೆ. "ಕಾಕಾ, ತೀಸ್ ಹಜಾರ್, ಬ್ಯಾಟರಿ 30 ಗಂಟೆ" ಎಂದು ಹುಡುಗ ತಲೆಗೆ ಕಿರೀಟ ತೊಡಿಸಿದ. ಏಸಿಯ ಭೋರೆನ್ನುವ ಸದ್ದು ಹಾರಿಹೋಯಿತು. "ಈಎಮ್ಐ ಭೀ ಹೈ" ಎಂಬ ಅವನ ದನಿ ಮಾತ್ರ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಆಗಲೇ ಎಚ್ಚರವಾಗಬೇಕಿತ್ತು.

ಈ ಯಂತ್ರದ ಗುಟ್ಟು ಇಷ್ಟೇ. ಹೊರಗಿನ ಸದ್ದನ್ನು ಪುಟ್ಟ ಮೈಕು ಹಿಡಿಯುತ್ತದೆ. ಆ ಅಲೆಯ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಎದುರು ಕಟ್ಟಿ ಒಳಗೊಂದು ಸದ್ದು ಹುಟ್ಟುತ್ತದೆ. ಎರಡೂ ಹೊಡೆದಾಡಿ ಸಾಯುತ್ತವೆ. ಆದರೆ ಇದು ಜಬರದಸ್ತು ತೋರುವುದು ಒಂದೇ ಸಮ ಗುಂಯ್‌ಗುಟ್ಟುವ ತಗ್ಗು ಸ್ವರದ ಮೇಲೆ. ಚಪ್ಪಾಳೆ, ಕಿರುಚಾಟ, ಮಗುವಿನ ಅಳು ಸಂದಿಯಲ್ಲಿ ನುಸುಳುತ್ತವೆ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುತ್ತಿದ್ದ ಬೋಸ್ ಕಂಪನಿಯ ಅಮರ್ ಬೋಸ್, ವಿಮಾನದವರು ಕೊಟ್ಟ ಹೆಡ್‌ಫೋನ್‌ನಲ್ಲಿ ಸಂಗೀತಕ್ಕಿಂತ ಇಂಜಿನ್ನೇ ಹೆಚ್ಚು ಕೇಳಿ ಬೇಸತ್ತು, ಕೂತಲ್ಲೇ ಇದರ ಗಣಿತ ಬರೆದರಂತೆ. ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಬಂಗಾಳಿಯೊಬ್ಬರ ಮಗ ಅವರು. ಡೊಂಬಿವಲಿ ಫಾಸ್ಟ್ ಹತ್ತಿದ್ದರೆ ಜೇಬಿನಿಂದ ಪೆನ್ನು ತೆಗೆಯಲೂ ಕೈ ಆಡುತ್ತಿರಲಿಲ್ಲ.

ವಿಮಾನಕ್ಕೆ ಮೊದಲು ಲೋಕಲ್‌ನಲ್ಲಿ ರಿಹರ್ಸಲ್ ಮಾಡಿದೆ. ಗಾಡಿಯ ಗುಡುಗುಡು ಮಾಯ. ಅದರ ಹಿಂದೆ ಮರೆಯಾಗಿದ್ದವೆಲ್ಲ ಹೊರಬಂದವು. ನಾಲ್ಕು ಸೀಟಿನಾಚೆಯ ಭಜನಾ ಮಂಡಳಿಯ ತಾಳ ಮೂಗಿನ ಮೇಲೇ ಬಿತ್ತು. ಕಲ್ಯಾಣದ ಹೋಟೆಲಿನವರೊಬ್ಬರು ಊರಿನ ಜಾಗದ ತಕರಾರನ್ನು ಭಾವನಿಗೆ ತುಳುವಿನಲ್ಲಿ ಫೋನು ಮಾಡಿ ಒಪ್ಪಿಸುತ್ತಿದ್ದರು. ಸರ್ವೆ ನಂಬರಿನ ಸಮೇತ ನನಗೆ ಬಾಯಿಪಾಠವಾಯಿತು. ಇಷ್ಟು ವರ್ಷ ಆ ಗುಡುಗುಡು ನಮ್ಮೆಲ್ಲರ ಮಾನ ಮುಚ್ಚಿಕೊಂಡು ಬಂದಿತ್ತು. ಮೂರನೆಯ ದಿನ ಭಜನೆಯವರು ಠಾಣೆಯಲ್ಲೇ ಇಳಿದರು. ನಿದ್ದೆ ಹತ್ತಿತು. "ಪುಢೀಲ್ ಸ್ಥಾನಕ್ ಡೊಂಬಿವಲಿ" ಎಂಬ ಘೋಷಣೆ ಯಾರಿಗೆ ಕೇಳಿಸಿತೋ, ನಾನು ಕಣ್ಣು ಬಿಟ್ಟದ್ದು ಟಿಟ್ವಾಳಾದಲ್ಲಿ. ಅಲ್ಲಿನ ಮಹಾಗಣಪತಿಗೆ ನಿಂತಲ್ಲಿಂದಲೇ ಕೈಮುಗಿದು ವಾಪಸಾದೆ.

ಗಣಪತಿಯ ಹೆಸರೆತ್ತಿದ ಮೇಲೆ ಹಬ್ಬಗಳ ಸದ್ದನ್ನೂ ಠಾಣೆಯನ್ನೂ ಬಿಡುವಂತಿಲ್ಲ. ದಹಿಹಂಡಿಯ ದಿನ ಅಲ್ಲಿ ಮಡಿಕೆಗಿಂತ ಮೊದಲು ಕಿವಿ ಒಡೆಯುತ್ತದೆ. ಅಲ್ಲಿನ ವೈದ್ಯ ಮಹೇಶ್ ಬೇಡೇಕರ್ ಹೆಡ್‌ಫೋನ್ ಕೊಳ್ಳಲಿಲ್ಲ, ಹೈಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ತೀರ್ಪೂ ಬಂತು. ಅದನ್ನಿತ್ತ ಪೀಠದಲ್ಲಿದ್ದ ಅಭಯ್ ಓಕ 2019ರಲ್ಲಿ ನಮ್ಮ ಕರ್ನಾಟಕಕ್ಕೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. ಡೀಜೆ ಇಲ್ಲೇ ಉಳಿಯಿತು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹಾರುವ ವಿಮಾನದೊಳಗೆ ಸುಮಾರು 80. ಅಂದರೆ ಕಾನೂನಿನ ಪ್ರಕಾರ ನಮ್ಮ ಮನೆ ವಿಮಾನಕ್ಕಿಂತ ಎಷ್ಟೋ ಶಾಂತ. ಕಾನೂನಿನ ಪ್ರಕಾರ. ನವಿ ಮುಂಬಯಿಯಲ್ಲಂತೂ 2025ರ ಡಿಸೆಂಬರಿನಿಂದ ವಿಮಾನಗಳೇ ಮನೆಬಾಗಿಲಿಗೆ ಬಂದಿವೆ. ಇನ್ನು ನಿಲ್ದಾಣದ ಪಕ್ಕದ ಉಲ್ವೆಯವರು ಟಿಕೆಟ್ ಇಲ್ಲದೆಯೂ ಹೆಡ್‌ಫೋನ್ ಕೊಳ್ಳಬಹುದು.

ಕೊನೆಗೂ ಹಾರಿದೆ. ಇಂಜಿನ್ ಸತ್ತಂತಾಯಿತು, ಒಪ್ಪುತ್ತೇನೆ. ಹಿಂದಿನ ಸೀಟಿನ ಕೂಸು ಒಂಬತ್ತು ಗಂಟೆ ಅತ್ತಿತು, ಒಂದು ಅಕ್ಷರವೂ ತಪ್ಪದೆ ಕೇಳಿಸಿತು.

ಹೊರಟಿರುವವರು ಕೇಳಿ. ಸೀಟಿನ ಪರದೆಗೆ ಬ್ಲೂಟೂತ್ ಹತ್ತದೆ ಹೋಗಬಹುದು, ತಂತಿಯನ್ನೂ ಎರಡು ಕಡ್ಡಿಯ ಅಡಾಪ್ಟರನ್ನೂ ಕೈಚೀಲದಲ್ಲಿಡಿ. ಕೂಸಿನ ಅಳುವಿಗೆ ಮಾತ್ರ ಬೇರೆ ಮದ್ದು: ನಿಮ್ಮ ಕಿವಿಗೆ ತುರುಕುವ ಫೋಮಿನ ಬಿರಡೆ, ಅದರ ಮೇಲೆ ಹೆಡ್‌ಫೋನ್. ಡೊಂಬಿವಲಿ ಸ್ಟೇಷನ್ ಎದುರಿನ ಮೆಡಿಕಲ್ಲಿನಲ್ಲಿ "ಕಾನಾತಲೆ ಬೋಳೆ" ಅಂತ ಕೇಳಿ, ಕೊಡುತ್ತಾರೆ. ಸ್ವಲ್ಪ ಜೋರಾಗಿ ಕೇಳಿ, ಅಂಗಡಿಯವನೂ ಹಾಕಿಕೊಂಡಿರುತ್ತಾನೆ.