ಸಹ್ಯಾದ್ರಿಯವರ ಸನ್ನಿಧಾನಕ್ಕೆ, ಮಳೆನೆರಳಿನ ಸೀಮೆಯಿಂದ

ಪರಮಪೂಜ್ಯರಾದ ಸಹ್ಯಾದ್ರಿ ಪರ್ವತದವರ ದಿವ್ಯ ಸನ್ನಿಧಾನಕ್ಕೆ,

ಚಳ್ಳಕೆರೆ ಸೀಮೆಯ ಒಕ್ಕಲುಮಕ್ಕಳಲ್ಲಿ ಒಬ್ಬನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂಬ ಸುದ್ದಿ ಜೂನ್ ತಿಂಗಳು ಹುಟ್ಟಿದಂದಿನಿಂದ ದಿನವೂ ನಮಗೆ ಮುಟ್ಟುತ್ತಿದೆ. ಆಗುಂಬೆಯಲ್ಲಿ ಇಷ್ಟು, ಹುಲಿಕಲ್ಲಿನಲ್ಲಿ ಅಷ್ಟು, ಹಳ್ಳ ಉಕ್ಕಿ ರಸ್ತೆ ಬಂದ್, ಶಾಲೆಗಳಿಗೆ ರಜೆ ಎಂದು ವಾರ್ತೆಯಲ್ಲಿ ಕೇಳುತ್ತೇವೆ. ಕೇಳಿ ಸಂತೋಷಪಡುತ್ತೇವೆ. ದೊಡ್ಡವರ ಮನೆಯಲ್ಲಿ ಸಮೃದ್ಧಿಯಿದ್ದರೆ ಆಸುಪಾಸಿನವರಿಗೂ ನೆಮ್ಮದಿ ಎಂದು ನಂಬಿ ಬಂದವರು ನಾವು. ಆ ನಂಬಿಕೆಯ ಬಲದ ಮೇಲೆಯೇ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ದಯಮಾಡಿ ಕೇಳಬೇಕು.

ಮೊದಲನೆಯದಾಗಿ, ನಮ್ಮ ಸ್ಥಿತಿಗೆ ಕಾರಣ ಯಾರೆಂಬ ಗೊಂದಲವನ್ನೇ ತಾವು ಉಳಿಸಿಲ್ಲ. ಅದಕ್ಕಾಗಿ ಕೃತಜ್ಞತೆಗಳು. ಸೂರ್ಯನನ್ನು ದೂರೋಣವೆಂದರೆ ಅವನು ನಿಷ್ಪಕ್ಷಪಾತಿ. ಹೊನ್ನಾವರವೂ ಚಳ್ಳಕೆರೆಯೂ ಸಮಭಾಜಕದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ, ಎರಡೂ 14.3 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಹೊನ್ನಾವರದಿಂದ ಹೊರಟದ್ದು ಗೇರುಸೊಪ್ಪೆ, ಜೋಗ, ಶಿಕಾರಿಪುರ, ಹೊನ್ನಾಳಿ, ಚಿತ್ರದುರ್ಗಗಳ ಮಗ್ಗುಲಲ್ಲೇ ಹಾದು ನಮ್ಮ ಹೊಲಕ್ಕೆ ಬರುತ್ತದೆ. ನೇರ ಅಳೆದರೆ 240 ಕಿ.ಮೀ. ಒಳಗೇ ಮುಗಿಯುವ ದಾರಿ. ಬಿಸಿಲಿನ ಓರೆ ಒಂದೇ, ಹಗಲಿನ ಉದ್ದ ಒಂದೇ. ಆದರೆ ಹೊನ್ನಾವರಕ್ಕೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ನಮಗೆ 500 ಮುಟ್ಟಿದರೆ ಅದು ಒಳ್ಳೆಯ ವರ್ಷ. ಆ ಗೆರೆಯ ನಡುವೆ ಎದ್ದು ನಿಂತವರು ತಾವೊಬ್ಬರೇ, ಮಹಾಸ್ವಾಮಿ.

ಗಾಳಿಯನ್ನು ದೂರೋಣವೆಂದರೆ ಅದಕ್ಕೂ ಮನಸ್ಸು ಬರುವುದಿಲ್ಲ. ಪಾಪ, ಎಲ್ಲಿಂದ ಬರುತ್ತದೆ ಅದು! ದಕ್ಷಿಣ ಹಿಂದೂ ಮಹಾಸಾಗರದ ಮಸ್ಕರೇನ್ ದ್ವೀಪಗಳ ಕಡೆ ಹುಟ್ಟಿ, ಸಮಭಾಜಕ ದಾಟಿ, ಸೊಮಾಲಿಯಾದ ತೀರ ಸವರಿಕೊಂಡು ಬಲಕ್ಕೆ ತಿರುಗಿ, ಇಡೀ ಅರಬ್ಬಿ ಸಮುದ್ರದ ಆವಿಯನ್ನು ಹೊತ್ತು ಬರುತ್ತದೆ. ಕಾದು ಕೂತ ನೆಲದ ಕಡೆಗೆ ಅದರ ಓಟ. ಕಾದು ಕೂತ ನೆಲದಲ್ಲಿ ನಮ್ಮದೂ ಒಂದು. ಅಷ್ಟು ದೂರ ಬಂದ ಅತಿಥಿಯನ್ನು ತಾವು ದಾರಿಯಲ್ಲೇ ಎದುರುಗೊಂಡು ಸತ್ಕರಿಸುತ್ತೀರಿ. ತಮ್ಮನ್ನು ಬಳಸಿ ಹೋಗಲು ಅದಕ್ಕೆ ದಾರಿಯೂ ಇಲ್ಲ. ತಾಪಿ ನದಿಯಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಪವಡಿಸಿದ್ದೀರಿ. ಗಾಳಿ ಮೇಲೇರಲೇಬೇಕು. ಏರಿದಂತೆ ಸುತ್ತಲ ಒತ್ತಡ ಇಳಿದು ಅದು ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಹೊತ್ತ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವುದು ಹೀಗೆ. ಊರಹಬ್ಬದ ಪಂಕ್ತಿಯಲ್ಲಿ ಕಟ್ಟಕಡೆಗೆ ಕೂತವರ ಎಲೆಯ ಹತ್ತಿರ ಬಂದಾಗ ಬಡಿಸುವವನ ಬಕೀಟಿನ ತಳ ಕೆರೆಯುವ ಸದ್ದು ಕೇಳುತ್ತದಲ್ಲ, ನಮ್ಮ ಮುಂಗಾರು ಅದು. ಬಡಿಸುವವನ ಮೇಲೆ ನಮಗೆ ಕೋಪವಿಲ್ಲ. ಎಲೆ ಹಾಸಿಕೊಂಡು ಕೂತಿದ್ದೆವು ಎಂಬುದನ್ನು ಮಾತ್ರ ತಾವು ತಿಳಿದಿರಬೇಕು.

ತಮ್ಮ ಔದಾರ್ಯವನ್ನು ಮರೆಯುವಂತಿಲ್ಲ. ನೀರನ್ನು ಇಟ್ಟುಕೊಂಡರೂ ಗಾಳಿಯನ್ನು ಪೂರ್ತಿಯಾಗಿ ನಮ್ಮ ಪಾಲಿಗೆ ಬಿಟ್ಟುಕೊಟ್ಟಿದ್ದೀರಿ. ಆಷಾಢದಲ್ಲಿ ನಮ್ಮ ಕಡೆಗೊಮ್ಮೆ ಬಂದು ನೋಡಬೇಕು. ಹಗಲು ರಾತ್ರಿ ಬೀಸುತ್ತದೆ. ತಮ್ಮ ನೆತ್ತಿಯಿಂದ ಇಳಿದ ಗಾಳಿ ಇಳಿದಷ್ಟೂ ಒತ್ತಿಕೊಂಡು ಬಿಸಿಯಾಗುತ್ತದೆ, ಒಣಗಾಳಿಯಾದರೆ ಒಂದು ಕಿ.ಮೀ. ಇಳಿತಕ್ಕೆ ಸುಮಾರು 10 ಡಿಗ್ರಿ. ನಾವು ಪ್ರಸ್ಥಭೂಮಿಯ ಮೇಲಿರುವುದರಿಂದ ಅಷ್ಟು ಆಳದ ಇಳಿತ ನಮಗಿಲ್ಲ ನಿಜ, ಆದರೂ ಸುರಿಸಿ ಬಂದ ಗಾಳಿಗೆ ಮತ್ತೆ ಮೇಲೇರುವ ಕಾರಣವನ್ನು ನಮ್ಮ ಬಯಲು ಕೊಡಲಾರದು. ಚಿತ್ರದುರ್ಗದ ಗುಡ್ಡಗಳ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತಿವೆ, ಊರವರ ಬಾಯಲ್ಲಿ ಅವು ಫ್ಯಾನು. ಮೋಡವೂ ಬರುತ್ತದೆ! ಬೆಳಗಾದರೆ ತಲೆಯ ಮೇಲೆ ಬೂದುಬಣ್ಣದ ಮೋಡ, ಮಧ್ಯಾಹ್ನವಾದರೂ ಮೋಡ, ಎಲ್ಲವೂ ಪೂರ್ವಕ್ಕೆ ಓಡುತ್ತಿರುತ್ತವೆ. ಶೇಂಗಾ ಸುಲಿಸಿ ಬೀಜ ಮಾಡಿಟ್ಟವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಆರಿದ್ರೆ ಹೋಯಿತು, ಪುನರ್ವಸು ಹೋಯಿತು, ಪುಷ್ಯ ಹುಟ್ಟಿತು. ನೆಲ ಕೂರಿಗೆಗೆ ಹದವಾಗುವಷ್ಟು ಒಂದು ಮಳೆ ಬೇಕು, ಒಂದೇ ಒಂದು. ತಮ್ಮಲ್ಲಿ ಒಂದು ಹಗಲಿಗೆ ಸುರಿಯುವುದರಲ್ಲಿ ಕಾಲುಭಾಗ ಸಾಕು ನಮ್ಮ ಬಿತ್ತನೆಗೆ.

ಇನ್ನು ಹೇಳುವ ಮಾತು ನನ್ನ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಕೂತಿದೆ. ಮಳೆ ತಪ್ಪಿದಾಗಲೆಲ್ಲ ನಮ್ಮ ಹಿರಿಯರು ತಪ್ಪು ತಮ್ಮದೆಂದೇ ಎಣಿಸಿದರು. ಯಾರೋ ಹರಕೆ ಮರೆತಿರಬೇಕು, ಯಾರೋ ಬೀದಿಯಲ್ಲಿ ಕಣ್ಣೀರು ಹಾಕಿಸಿರಬೇಕು ಎಂದರು. ಹುಡುಗರು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ನಿಂತರು. ಕುಡಿಯುವ ನೀರಿಗೇ ಕಷ್ಟವಿದ್ದ ಹೆಂಗಸರು ಒಳಗಿಂದ ತಂಬಿಗೆ ತಂದು ಅವನ ಮೇಲೆ ಸುರಿದರು. ಪೇಟೆಯವರು ಬೇರೆ ಬಗೆಯಲ್ಲಿ ಅದನ್ನೇ ಹೇಳಿದರು: ಬಯಲುಸೀಮೆಯವರು ಮರ ಉಳಿಸಲಿಲ್ಲ, ದುಡಿಯಲಿಲ್ಲ, ಅದಕ್ಕೇ ಹೀಗೆ. ತಾವು ಅಲ್ಲಿ ಪಶ್ಚಿಮದಲ್ಲಿ ನಿಂತು ಕೋಟಿಗಟ್ಟಲೆ ವರ್ಷಗಳಾಗಿವೆ. ನಮ್ಮ ಮೊದಲ ಊರು ಕಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ಬಯಲು ತಮ್ಮ ಬೆನ್ನ ಹಿಂದೆ ಒಣಗಿತ್ತು. ಇಲ್ಲಿ ಯಾರ ಪಾಪವೂ ಇರಲಿಲ್ಲ. ಒಂದು ಸಲ, ಒಂದೇ ಸಲ, ಆ ಮುದುಕರ ಕಿವಿಗೆ ತಾವೇ ಇದನ್ನು ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ತಾವೇ ಇರದಿದ್ದರೆ ನಮಗೆ ಮಳೆ ಬರುತ್ತಿತ್ತೇ ಎಂದು ಕೆಲವರು ಕೇಳುತ್ತಾರೆ. ಅವರಿಗೆ ನಾನು ತಮ್ಮ ಪರವಾಗಿ ಪಾಲಕ್ಕಾಡ್ ಕಣಿವೆಯನ್ನು ತೋರಿಸುತ್ತೇನೆ. ಅಲ್ಲಿ ತಾವು ಸುಮಾರು 30 ಕಿ.ಮೀ. ಅಗಲಕ್ಕೆ ಬಾಗಿಲು ಬಿಟ್ಟಿದ್ದೀರಿ, ಮುಂಗಾರು ಗಾಳಿ ಏರದೆ ಇಳಿಯದೆ ನೇರ ನುಗ್ಗುತ್ತದೆ. ಆದರೂ ಆಚೆಯ ಕೊಯಮತ್ತೂರು ಬಯಲಿಗೆ ಮುಂಗಾರಿನಲ್ಲಿ ಹೆಚ್ಚಿನ ಮಳೆಯಿಲ್ಲ, ಅಲ್ಲೂ ಗಾಳಿಯಂತ್ರಗಳೇ ತಿರುಗುತ್ತವೆ. ಎತ್ತುವವರಿಲ್ಲದೆ ಗಾಳಿ ಮಳೆ ಬಿಡುವುದಿಲ್ಲ. ಆ ಎತ್ತುವ ಕೆಲಸ ಮಾಡುವವರು ತಾವು. ಹಾಗಾಗಿ ತಮ್ಮನ್ನು ಕಳ್ಳರೆಂದು ಕರೆಯುವ ಮಾತಿಗೆ ನಾನು ಎಂದೂ ಸೇರಿದವನಲ್ಲ.

ಅಷ್ಟೇ ಅಲ್ಲ, ಮುಂಗೈಯಲ್ಲಿ ಹಿಡಿದದ್ದನ್ನು ಹಿಂಗೈಯಿಂದ ತಾವು ಕೊಟ್ಟದ್ದೂ ಉಂಟು. ತುಂಗೆ, ಭದ್ರೆ, ಹೇಮಾವತಿ, ಕಾವೇರಿ ಎಲ್ಲರೂ ತಮ್ಮ ಪೂರ್ವದ ಮಡಿಲಿನಿಂದಲೇ ಇಳಿದು ಬಂದವರು. ನಮ್ಮ ವೇದಾವತಿಯ ತಾಯಿಬೇರು ಬಾಬಾಬುಡನ್ ಗಿರಿಗಳಲ್ಲಿದೆ. ವೇದಾ, ಅವತಿ ಎಂಬ ಎರಡು ಹೊಳೆಗಳು ಅಲ್ಲಿ ಹುಟ್ಟಿ ಮುಂದೆ ಕೂಡುತ್ತವೆ. ಅದನ್ನು ನೆಚ್ಚಿಯೇ ಮೈಸೂರು ಅರಸರ ಕಾಲದಲ್ಲಿ ಹಿರಿಯೂರಿನ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿ 1907ರಲ್ಲಿ ಮುಗಿಸಿದರು. ಅದೇ ವಾಣಿವಿಲಾಸ ಸಾಗರ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನಮ್ಮ ಜನ ತಮ್ಮ ಮೇಲೆ ವಿಶ್ವಾಸವಿಟ್ಟು ಕಾದರು. 1933ರ ಕೋಡಿಯನ್ನು ಕಂಡ ಅಜ್ಜಂದಿರು ಮೊಮ್ಮಕ್ಕಳಿಗೆ ಅದನ್ನು ಹೇಳಿ ಹೇಳಿ ತೀರಿಕೊಂಡರು. 2022ರಲ್ಲಿ ಸುತ್ತಲ ತಾಲ್ಲೂಕುಗಳ ಜನ ಟ್ರ್ಯಾಕ್ಟರು ಕಟ್ಟಿಕೊಂಡು ಹೋಗಿ ಆ ನೀರನ್ನು ನೋಡಿ ಕೈಮುಗಿದರು. ಅಂದು ತಮಗೆ ಸಲ್ಲಿಸಿದ ನಮಸ್ಕಾರದಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ಭದ್ರೆಯ ನೀರನ್ನು ಎತ್ತಿ ಆ ಅಣೆಕಟ್ಟಿಗೆ ಹರಿಸಿದ ಮನುಷ್ಯರಿಗೂ ಅದರಲ್ಲಿ ಪಾಲು ಸಲ್ಲಬೇಕು.

ಒಂದು ವಿಷಯವನ್ನು ತಮ್ಮಿಂದ ಮುಚ್ಚಿಡಬಾರದು. ತಮ್ಮ ಬಾಗಿಲಲ್ಲಿ ಕಾದು ಸೋತ ಮೇಲೆ ನಾವು ಬೇರೆ ಬಾಗಿಲಿಗೆ ಹೋಗುತ್ತೇವೆ. ಉತ್ತರೆ, ಹಸ್ತೆ, ಚಿತ್ತೆಗಳಲ್ಲಿ ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಗುಡುಗು ಬರುತ್ತದೆ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಹಳ್ಳ ಹರಿಯುತ್ತದೆ. ನಮ್ಮ ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ. ಪೂರ್ವ ಘಟ್ಟದವರು ತುಂಡುತುಂಡಾಗಿ, ತಗ್ಗಾಗಿ ನಿಂತಿದ್ದಾರೆ, ಬರುವ ಮೋಡಕ್ಕೆ ಅಷ್ಟು ಅಡ್ಡಿಯಿಲ್ಲ. ಎತ್ತರದಲ್ಲಿ ತಮಗೆ ಸಮನಲ್ಲದಿದ್ದರೂ ಅವರ ಈ ಗುಣವನ್ನು ತಾವೂ ಮೆಚ್ಚುವಿರೆಂದು ನಂಬಿದ್ದೇನೆ.

2023ರಲ್ಲಿ ಶಾಂತ ಸಾಗರ ಬಿಸಿಯಾಗಿ ಎಲ್ ನಿನೊ ಬಂದಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತು. ತಮ್ಮ ಮಡಿಲಿನ ತಾಲ್ಲೂಕುಗಳೂ ಅದರಲ್ಲಿದ್ದವು. ಅಂದು ನನಗೆ ನಿಜವಾಗಿ ದುಃಖವಾಯಿತು. ಬರ ಬೇರೆ, ಬಯಲುಸೀಮೆಯ ಹವೆ ಬೇರೆ. ಬರ ಬಂದು ಹೋಗುವಂಥದು. ನಮ್ಮ ಹವೆ ತಾವು ಇರುವವರೆಗೂ ಇರುವಂಥದು. ಇದನ್ನು ನಮ್ಮ ಹಿಂದಿನವರು ಭೂಗೋಳ ಓದದೆಯೂ ಅರಿತಿದ್ದರು. ಸಾಮೆ, ನವಣೆ, ಹಾರಕ ಬಿತ್ತಿದರು, ಕುರಿ ಸಾಕಿ ಕಂಬಳಿ ನೇಯ್ದರು, ಕಾವಲುಗಳ ಹುಲ್ಲನ್ನು ಹುಲ್ಲಾಗಿಯೇ ಬಿಟ್ಟರು, ಇಳಿಜಾರು ಕಂಡಲ್ಲೆಲ್ಲ ಕೆರೆ ಕಟ್ಟಿದರು. ಈಗ ತಮ್ಮ ಮಲೆನಾಡಿನ ಸೊಬಗು ಕಣ್ಣಿಗೆ ಕಟ್ಟಿ ನಮ್ಮ ಜಿಲ್ಲೆಯ ಎಷ್ಟೋ ಕಡೆ ಅಡಿಕೆ ಹಾಕಿದ್ದಾರೆ. ನೂರಾರು ಅಡಿ ಆಳದ ಬೋರ್‌ವೆಲ್ ಬತ್ತಿದರೆ ಸಾಲ ಮಾಡಿ ಟ್ಯಾಂಕರಿನಲ್ಲಿ ನೀರು ತಂದು ಗಿಡಕ್ಕೆ ಹಾಕುತ್ತಾರೆ. ಆ ಸಾಲದ ಮನೆಗಳಲ್ಲಿ ನನ್ನ ಬಂಧುಗಳೂ ಇದ್ದಾರೆ. ತಮ್ಮ ಬೆಳೆಯನ್ನು ನಮಗೆ ತೋರಿಸಿದ ತಾವು ತಮ್ಮ ಮಳೆಯನ್ನೂ ಜೊತೆಗೆ ಕಳಿಸಬೇಕಾಗಿತ್ತು ಎನ್ನುವುದು ಅತಿಯಾಯಿತೇ?

ಕಡೆಯದಾಗಿ ಕೆಲವು ಬಿನ್ನಹಗಳು. 2012ರಲ್ಲಿ ಯುನೆಸ್ಕೊದವರು ತಮ್ಮ 39 ತಾಣಗಳಿಗೆ ವಿಶ್ವಪರಂಪರೆಯ ಮನ್ನಣೆ ಕೊಟ್ಟರು, ಹತ್ತು ನಮ್ಮ ರಾಜ್ಯದವೇ. ಹೃತ್ಪೂರ್ವಕ ಅಭಿನಂದನೆಗಳು. ಆದರೆ 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಶಿರೂರಿನಲ್ಲಿ ತಾವು ಕುಸಿದದ್ದು ಕೇಳಿ ಇಲ್ಲಿ ನಮ್ಮ ಎದೆ ನಡುಗಿತು. ತಮ್ಮ ಬುಡ ಕಡಿದು ರಸ್ತೆ ಮಾಡುವವರಿಗೆ, ನೆತ್ತಿಯ ಮೇಲೆ ರೆಸಾರ್ಟ್ ಕಟ್ಟುವವರಿಗೆ ತಾವು ಏನೂ ಹೇಳುವುದಿಲ್ಲ. ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸಲು ಸಕಲೇಶಪುರದಲ್ಲಿ ತಮ್ಮ ಮೈ ಅಗೆದದ್ದು ನಮ್ಮಂಥದೇ ಬಾಯಾರಿದ ಸೀಮೆಗಳ ಹೆಸರಿನಲ್ಲಿ. ಆ ಬಾಯಾರಿಕೆ ಎಷ್ಟೆಂದು ಬಲ್ಲ ನಾನು ಬೇಡವೆನ್ನಲಾರೆ, ತಮ್ಮ ಗಾಯ ನೋಡಿ ಬೇಕೆನ್ನಲೂ ನಾಲಗೆ ಏಳುವುದಿಲ್ಲ. ತಮ್ಮ ಶೋಲಾ ಕಾಡು, ಗಿರಿಯ ಹುಲ್ಲುಗಾವಲು ನೀರನ್ನು ಹೀರಿಟ್ಟು ಬೇಸಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ ಎಂಬ ಭರವಸೆಯ ಮೇಲೆ ನಮ್ಮ ಹೊಳೆ ನಿಂತಿದೆ. ಅದು ಹೋದರೆ ತಮ್ಮಲ್ಲಿ ಸುರಿದದ್ದೆಲ್ಲ ಮೂರು ದಿನದಲ್ಲಿ ಕೊಚ್ಚಿಹೋಗುತ್ತದೆ, ನಮಗೆ ಮಳೆಯೂ ಇಲ್ಲ, ನದಿಯೂ ಇಲ್ಲ. ಆದ್ದರಿಂದ ಎತ್ತರ ತಗ್ಗಿಸಿಕೊಳ್ಳಿ ಎಂದು ನಾವು ಬೇಡುವುದಿಲ್ಲ. ಮಳೆ ಹಂಚಿ ಎಂದು ಹಟ ಹಿಡಿಯುವುದೂ ಇಲ್ಲ. ಬಾಬಾಬುಡನ್ ಗಿರಿಯ ಆ ಹುಲ್ಲಿನ ನೆತ್ತಿಯ ಮೇಲೆ ಜೀಪುಗಳು ಹತ್ತದಂತೆ ನೋಡಿಕೊಳ್ಳಿ. ತಮ್ಮಿಂದಾಗದಿದ್ದರೆ ಹೇಳಿಕಳಿಸಿ, ನಾವೇ ಬರುತ್ತೇವೆ.

ಇಂತಿ ತಮ್ಮ ವಿಧೇಯ,
ವೇದಾವತಿಯ ಕೆಳದಂಡೆಯ ಒಬ್ಬ ಶೇಂಗಾ ಬೆಳೆಗಾರ